ಶಾಂತಿಸಭೆಯ ಹಂಪಕ್ಕ

ಕೂಡ್ಲಿಗಿ ತಾಲ್ಲೂಕಿನಲ್ಲಿ ಎಲ್ಲಿ ಶಾಂತಿಸಭೆ ಕರೆದರೂ ಮೀಸಲಾತಿಯಲ್ಲಿ ಗೆದ್ದ ಪಂಚಾಯ್ತಿ ಸದಸ್ಯೆ ಹಂಪಕ್ಕ, ತಹಶೀಲ್ದಾರ್ ಸಾಹೇಬರ ಜೀಪಿಗಿಂತ ಮೊದಲೇ ಅಲ್ಲಿರುತ್ತಿದ್ದಳು. ಗಂಡಸರು ಗಂಟಲು ಹರಿದುಕೊಳ್ಳುವಾಗ ಎಲೆಅಡಿಕೆ ಚೀಲ ಬಿಚ್ಚಿ, "ಬಾಯಿ ತುಂಬ ಹಾಕ್ಕೊಳ್ರಿ, ಬೈಗುಳ ಹೊರಗ ಬರಂಗಿಲ್ಲ" ಎಂದು ಎರಡೂ ಕಡೆಯವರಿಗೆ ಹಂಚುತ್ತಿದ್ದಳು. ಆದರೆ ತನ್ನೂರಿನಲ್ಲೇ ನಳದ ನೀರಿಗಾಗಿ ಎರಡು ಕೇರಿಗಳು ಬಡಿದಾಡಿಕೊಂಡು ಶಾಂತಿಸಭೆ ಸೇರಿದಾಗ, ಅಲ್ಲಿ ಬರೆದ ರಾಜಿಪತ್ರದಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ಹಂಪಕ್ಕ ಎದ್ದು ನಿಂತಳು: "ಕೊಡ ಹೊರೋರು ನಾವು, ರುಜು ಹಾಕೋರು ನೀವಷ್ಟೇ ಏನ್ರಿ?" ತಹಶೀಲ್ದಾರರು ಪೆನ್ನು ಚಾಚಿದರು. ಹೊರಗಿದ್ದ ಹೆಂಗಸರೆಲ್ಲ ಹೋ ಎಂದು ಒಳನುಗ್ಗಿದರು! ಹಂಪಕ್ಕ ಮೊದಲು ಕೈಹಿಡಿದು ಕರೆತಂದದ್ದು ದುರುಗವ್ವನನ್ನು. ಆ ಬಡಿದಾಟದಲ್ಲಿ ಹಂಪಕ್ಕನ ಗಂಡನ ತಲೆ ಒಡೆದವನು ಈ ದುರುಗವ್ವನ ಗಂಡನೇ. "ನೀ ಮೊದಲು ಹಾಕವ್ವಾ," ಎಂದಳು ಹಂಪಕ್ಕ, "ನಿನ್ನ ಕೆಳಗ ನಾ ಹಾಕ್ತೀನಿ."