ನಾಣ್ಯ ಬಿದ್ದ ಮೇಲೆ

ಇಟಾಸ್ಕಾದ ನಮ್ಮ ಆಫೀಸಿನಲ್ಲಿ ಕಳೆದ ವಾರ ಪಕ್ಕದ ಮೇಜಿನವನಿಗೆ ಕೆಮ್ಮು ಹತ್ತಿತ್ತು. ಅವನು ಜೇಬಿನಿಂದ ಮೆಂಥಾಲ್ ಪೆಪ್ಪರ್‌ಮೆಂಟು ತೆಗೆದು ಕಾಗದ ಬಿಚ್ಚಿದ. ಆ ಘಾಟು ಮೂಗಿಗೆ ತಾಗಿದ್ದೇ ತಡ, ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಇನ್ನೇನು ಯಾರೋ ನನ್ನ ಹೆಸರು ಕೂಗುತ್ತಾರೆ, ಎದ್ದು ನಿಂತು ಎದುರಾಳಿಯ ಮಾತಿನಲ್ಲಿ ತೂತು ಹುಡುಕಬೇಕು ಎಂಬಂತೆ. ಎದುರಿಗಿದ್ದದ್ದು ಕಂಪ್ಯೂಟರ್ ಪರದೆ ಮಾತ್ರ…

ಹೈಸ್ಕೂಲಿನಲ್ಲಿ ನಮ್ಮ ಡಿಬೇಟ್ ಕೋಚ್ ಪ್ರತಿ ಸ್ಪರ್ಧೆಗೂ ಮುಂಚೆ ಒಬ್ಬೊಬ್ಬರ ಅಂಗೈಗೂ ಅಂಥದ್ದೊಂದು ಪೆಪ್ಪರ್‌ಮೆಂಟು ಹಾಕುತ್ತಿದ್ದರು, ಗುಡಿಯಲ್ಲಿ ತೀರ್ಥ ಕೊಟ್ಟ ಹಾಗೆ. ಅದು ಕರಗುವವರೆಗೆ ಯಾರೂ ಮಾತಾಡುವಂತಿಲ್ಲ. "ಬಾಯಿ ಮುಚ್ಚಿಕೊಂಡಿರಲು ಬಾರದವರಿಗೆ ತೆರೆಯಲೂ ಬಾರದು" ಎಂಬುದು ಅವರ ಸಿದ್ಧಾಂತ. ಅವರು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನ ತಲೆಯಲ್ಲಿ ಉಳಿದಿರುವುದು ಕನ್ನಡದಲ್ಲಿ. ಹತ್ತನೆಯ ವಯಸ್ಸಿಗೆ ಮೈಸೂರು ಬಿಟ್ಟು ಬಂದವಳು ನಾನು. ಮನಸ್ಸಿಗೆ ತಟ್ಟಿದ ಮಾತುಗಳು ಈಗಲೂ ಭಾಷೆ ಬದಲಿಸಿಕೊಂಡೇ ಒಳಗೆ ಬರುತ್ತವೆ.

ಕೋಚ್ ಎತ್ತರದ ಹೆಂಗಸು, ಕಪ್ಪು ಜನಾಂಗದವರು. ಡೆಟ್ರಾಯಿಟ್‌ನಲ್ಲೇ ಹುಟ್ಟಿ ಬೆಳೆದು, ಅಲ್ಲೇ ಮನೆ ಮಾಡಿಕೊಂಡು, ದಿನಾ ಊರ ಹೊರವಲಯದ ಟ್ರಾಯ್‌ನ ನಮ್ಮ ಸ್ಕೂಲಿಗೆ ಡ್ರೈವ್ ಮಾಡಿಕೊಂಡು ಬಂದು ಇಂಗ್ಲಿಷ್ ಪಾಠ ಮಾಡುತ್ತಿದ್ದರು. ಡಿಬೇಟಿನಲ್ಲಿ ಅವರ ಜಾಗ ಮೊದಲ ಸಾಲಿನ ಎಡತುದಿಯ ಕುರ್ಚಿ. ಅಲ್ಲಿಂದ ಎಡಗೈ ಎತ್ತಿ ಉಳಿದಿರುವ ನಿಮಿಷಗಳನ್ನು ಬೆರಳಿನಲ್ಲಿ ತೋರಿಸುತ್ತಿದ್ದರು. ಮುಷ್ಟಿ ಮುಚ್ಚಿತೆಂದರೆ ಮುಗಿಯಿತು, ಅರ್ಧ ವಾಕ್ಯದಲ್ಲಿದ್ದರೂ ಕೂರಬೇಕು. ಇನ್ನೊಂದು ನಿಯಮವಿತ್ತು: ಯಾರು ಯಾವ ಪಕ್ಷ ಎಂಬುದನ್ನು ಹೇಳುವುದು ನಾಣ್ಯ, ನಾವಲ್ಲ. ನಾಣ್ಯ ಬಿದ್ದ ಮೇಲೆ ಅದಲುಬದಲು ಇಲ್ಲ.

ನಾನು ಈ ನಿಯಮದ ಮೇಲೆ ಜಗಳ ತೆಗೆಯದ ವಾರವಿರಲಿಲ್ಲ. "ನಂಬದ್ದನ್ನು ವಾದಿಸುವುದು ಸುಳ್ಳು ಹೇಳಿದ ಹಾಗಲ್ಲವೇ?" ಎಂದು ಕೇಳಿದ್ದಕ್ಕೆ, "ನಂಬಿದ್ದನ್ನೇ ವಾದಿಸುತ್ತಾ ಇದ್ದರೆ ನಿನಗೆ ಕಿವಿ ಯಾಕೆ ಬೇಕು?" ಅಂದಿದ್ದರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಒಂದು ವಸಂತದಲ್ಲಿ ಒಬ್ಬ ಪ್ರಸಿದ್ಧ ಕಾದಂಬರಿಕಾರ್ತಿ ತೀರಿಕೊಂಡರು. ಡೆಟ್ರಾಯಿಟ್‌ನ ಹೆಣ್ಣುಮಗಳು, ಕಪ್ಪು ಜನರ ಒಂದು ಬೀದಿಯ ಬದುಕನ್ನು ಬರೆದು ಲೋಕವೆಲ್ಲ ಓದುವಂತೆ ಮಾಡಿದವರು. ಟೀವಿಯಲ್ಲಿ ಅವರೇ, ಪೇಪರಿನಲ್ಲಿ ಅವರೇ. ಮಾಲ್‌ನ ಪುಸ್ತಕದಂಗಡಿಯ ಗಾಜಿನ ಹಿಂದೆ ಅವರ ಪುಸ್ತಕಗಳ ಗೋಪುರ ಎದ್ದಿತು. ನಮ್ಮ ಸ್ಕೂಲಿನ ಮೈಕಿನಲ್ಲಿ ಪ್ರಿನ್ಸಿಪಾಲರು ಒಂದು ನಿಮಿಷ ಮೌನ ಆಚರಿಸಿ ಅಂದರು. ಅದೇ ಸ್ಕೂಲಿನಲ್ಲಿ, ಆಕೆಯ ಕಾದಂಬರಿ ಮಕ್ಕಳಿಗೆ ಬೇಡ ಎಂದು ಹಿಂದೊಮ್ಮೆ ದೂರು ಕೊಟ್ಟಿದ್ದ ತಾಯಂದಿರು ಎದೆಗೆ ಕಪ್ಪು ರಿಬ್ಬನ್ ಚುಚ್ಚಿಕೊಂಡು ಬಂದರು. ಕೋಚ್ ಕಾರಿಡಾರಿನಲ್ಲಿ ರಿಬ್ಬನ್ನಿನವರನ್ನು ತಡೆದು ನಿಲ್ಲಿಸಿ, ಬಹಳ ಮರ್ಯಾದೆಯಿಂದ, "ಯಾವುದನ್ನು ಓದಿದ್ದೀರಿ?" ಎಂದು ಕೇಳುತ್ತಿದ್ದರು. ಹೆಚ್ಚಿನವರಿಗೆ ತಕ್ಷಣ ಎಲ್ಲೋ ಹೋಗುವುದಿರುತ್ತಿತ್ತು.

ಮನೆಯಲ್ಲಿ ನನಗೆ ಇನ್ನೊಂದು ತಮಾಷೆ. ನಮ್ಮೂರಿನ ಕನ್ನಡ ಕೂಟದ ಪತ್ರಿಕೆಗೆ ಶ್ರದ್ಧಾಂಜಲಿ ಬರೆಯುವ ಕೆಲಸ ಅಪ್ಪನದು. ಕನ್ನಡದ ಯಾವ ಸಾಹಿತಿ ಹೋದರೂ ಅಪ್ಪನ ಕೊನೆಯ ಸಾಲು ಒಂದೇ: ತುಂಬಲಾರದ ನಷ್ಟ.

"ಅಪ್ಪಾ, ಇಲ್ಲಿನ ಪೇಪರ್‌ನವರು ನಿಮ್ದೇ ಕಾಪಿ ಹೊಡ್ದಿದಾರೆ ನೋಡಿ" ಎಂದೆ.

"ಇನ್ನೇನೇ ಬರೀಬೇಕು ಸತ್ತಾಗ? ನಷ್ಟ ತುಂಬ್ಕೊಂಡ್ವಿ, ಯಾರೂ ಗಾಬರಿ ಆಗ್ಬೇಡಿ ಅಂತ ಬರೀಲಾ?"

ಕೋಚ್ ಸಿಟ್ಟಾಗಿದ್ದದ್ದೂ ಅದೇ ಮಾತಿಗೆ. ಪತ್ರಿಕೆಯ ತುಣುಕುಗಳನ್ನು ನಮ್ಮ ಮುಂದೆ ಹರಡಿ, "ಎಲ್ಲರೂ ತುಂಬಲಾರದು ಅನ್ನುತ್ತಾರೆ. ಖಾಲಿಯಾದ ಜಾಗ ಯಾವುದು ಅಂತ ಒಬ್ಬರಾದರೂ ಹೇಳಿದ್ದಾರಾ?" ಎಂದರು. ತುಣುಕುಗಳನ್ನು ಮತ್ತೆ ಒಟ್ಟುಮಾಡುತ್ತಾ, "ದೊಡ್ಡ ಬಿಳಿಯ ಲೇಖಕ ಸತ್ತರೆ ಮಾರನೆಯ ದಿನವೇ ಕಿತ್ತಾಡುತ್ತಾರೆ, ಯಾವ ಪುಸ್ತಕ ಉಳಿಯುತ್ತೆ, ಯಾವುದು ಜೊಳ್ಳು ಅಂತ. ನಮ್ಮವರು ಸತ್ತರೆ ಹೂವಿಟ್ಟು ಮನೆಗೆ ಹೋಗುತ್ತಾರೆ. ಇವಳ ಜೊತೆ ಜಗಳವಾಡಬಹುದು, ಅಷ್ಟು ದೊಡ್ಡವಳು ಇವಳು ಅಂತ ಯಾರಿಗೂ ಅನ್ನಿಸಿಲ್ಲ" ಎಂದರು.

ಡೆಟ್ರಾಯಿಟ್‌ನಲ್ಲಿ ಕೋಚ್ ಮನೆಯ ಹತ್ತಿರದ ಲೈಬ್ರರಿಯಲ್ಲಿ ಶ್ರದ್ಧಾಂಜಲಿ ಸಭೆ ಏರ್ಪಾಡಾಗಿತ್ತು. ಮುಖ್ಯ ಭಾಷಣ ಕೋಚ್ ಅವರದು ಎಂದು ಲೈಬ್ರರಿಯವರೂ ಅವರ ಚರ್ಚಿನವರೂ ನಿಶ್ಚಯಿಸಿಬಿಟ್ಟಿದ್ದರು. ಆ ಬೀದಿಯಲ್ಲಿ ಆಕೆಯ ಪುಸ್ತಕಗಳನ್ನು ಅವರಷ್ಟು ಪ್ರೀತಿಸಿದವರು ಇರಲಿಲ್ಲ. ಕೋಚ್ ಒಪ್ಪಿದರು, ಆದರೆ ಭಾಷಣ ಮಾಡುವುದಿಲ್ಲ, ಡಿಬೇಟ್ ಮಾಡುತ್ತೇನೆ ಅಂದರು. ವಿಷಯ: ಆಕೆಯ ಕೊನೆಯ ಕಾದಂಬರಿ ಸೋತಿದೆ. ವಾದಿಸುವವರು ಇಬ್ಬರೇ, ಅವರು ಮತ್ತು ನಾನು.

ನನಗೆ ಹಬ್ಬ. ನಾನು ಆಕೆಯ ಭಕ್ತೆಯಲ್ಲ, ಈಗಲೂ ಅಲ್ಲ. ಆ ಕೊನೆಯ ದಪ್ಪ ಪುಸ್ತಕ ನನಗೆ ಹಿಡಿಸಿರಲಿಲ್ಲ; ಅದರ ವಿರುದ್ಧ ಒಂದು ಫೈಲೇ ಸಿದ್ಧವಿತ್ತು. ತರಗತಿಯಲ್ಲಿ ಕೋಚ್ ನಾಣ್ಯ ಹಾರಿಸಿದರು. ಅದು ನೆಲಕ್ಕೆ ಬಿದ್ದು, ಉರುಳಿ, ಮೇಜಿನ ಕಾಲಿಗೆ ತಾಗಿ ನಿಂತಿತು. ಕಾದಂಬರಿ ಸೋತಿದೆ ಎಂದು ವಾದಿಸುವ ಪಕ್ಷ ಕೋಚ್ ಪಾಲಿಗೆ ಬಂತು. ಸಮರ್ಥಿಸುವುದು ನನ್ನ ಪಾಲಿಗೆ.

ಕೋಣೆಯಲ್ಲಿದ್ದವರು ನಾವು ಆರೇಳು ಜನ. ಬದಲಿಸಿಕೊಂಡಿದ್ದರೆ ಹೊರಗೆ ಒಬ್ಬರಿಗೂ ತಿಳಿಯುತ್ತಿರಲಿಲ್ಲ. ನಾನೇ ಹೇಳಿದೆ, "ಕೋಚ್, ನನ್ನ ಫೈಲ್ ರೆಡಿ ಇದೆ. ಅಲ್ಲಿ ನಿಮ್ಮ ಅಕ್ಕ ಇರ್ತಾರೆ, ನಿಮ್ಮ ಚರ್ಚಿನವರು ಇರ್ತಾರೆ. ಅವರ ಮುಂದೆ ನೀವು…" ಅವರು ನಾಣ್ಯವನ್ನು ಎತ್ತಿ ಜೇಬಿಗೆ ಹಾಕಿಕೊಂಡರು. "ನಿಮಗೆ ಇಷ್ಟು ವರ್ಷ ಏನು ಹೇಳಿಕೊಟ್ಟೆ? ನನಗೆ ಕಷ್ಟವಾದ ದಿನ ಅದು ಸುಳ್ಳಾಗಿಬಿಡುತ್ತಾ?" ಚರ್ಚಿನವರು ಮುಂದೆ ಮುಖ ಕೊಟ್ಟು ಮಾತಾಡುತ್ತಾರೋ ಇಲ್ಲವೋ ಎಂಬ ಭಯ ಅವರಿಗಿತ್ತು; ಅದನ್ನು ಮುಚ್ಚಿಡಲೂ ಇಲ್ಲ.

ಡೆಟ್ರಾಯಿಟ್‌ಗೆ ಒಬ್ಬಳನ್ನೇ ಕಳಿಸಲು ಒಪ್ಪದೆ ಅಮ್ಮನೇ ಡ್ರೈವ್ ಮಾಡಿದಳು. ದಾರಿಯುದ್ದಕ್ಕೂ ಗೊಣಗು. "ಅಲ್ಲ ಕಣೇ, ಹೋದವರ ಬಗ್ಗೆ ನಾಲ್ಕು ಒಳ್ಳೆ ಮಾತಾಡಿ ಕಾಫಿ ಕುಡ್ದು ಬರೋದು ಬಿಟ್ಟು ಇದೆಂಥಾ ಜಗಳ? ಇನ್ನೂ ವೈಕುಂಠ ಸಮಾರಾಧನೆ ದಿನ ಕೂಡ ಆಗಿಲ್ಲ." ಹಿಂದಿನ ಸೀಟಿನಲ್ಲಿ ಅವಳು ಪೋಣಿಸಿದ ಕಾರ್ನೇಷನ್ ಹೂವಿನ ಹಾರ. ಫೋಟೋ ಇದ್ದ ಮೇಲೆ ಹಾರವಿಲ್ಲದೆ ಹೇಗೆ? ಲೈಬ್ರರಿ ಒಳಗೆ ಹೋದವಳೇ ಯಾರನ್ನೂ ಕೇಳದೆ ಕಾದಂಬರಿಕಾರ್ತಿಯ ಫೋಟೋಕ್ಕೆ ಹಾಕಿ ಕೈಮುಗಿದಳು. ಮುಂದಿನ ಸಾಲಿನಲ್ಲಿ ನೇರಳೆ ಟೋಪಿಯ ವಯಸ್ಸಾದ ಹೆಂಗಸೊಬ್ಬರು, "ನೋಡಿ, ಹೇಗೆ ಗೌರವಿಸಬೇಕು ಅಂತ ಈಕೆಗೆ ಗೊತ್ತು!" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಅಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಆಕೆಯೇ ಕೋಚ್ ಅವರ ಅಕ್ಕ.

ಕೋಚ್ ಎದ್ದು ನಿಂತರು. ಕೈಯಲ್ಲಿ ಕಾಗದವಿಲ್ಲ. ಹೇಳಿದ್ದು ಒಂದೇ ವಾದ. ಈ ಕಾದಂಬರಿಯ ತಾಯಿ ಒಮ್ಮೆಯೂ ದಣಿಯುವುದಿಲ್ಲ. ಮೊದಲಿನ ಪುಸ್ತಕಗಳ ಹೆಂಗಸರು ದಣಿಯುತ್ತಿದ್ದರು, ರೇಗುತ್ತಿದ್ದರು, ತಪ್ಪು ಮಾಡುತ್ತಿದ್ದರು. "ನನಗೂ ಒಬ್ಬ ತಾಯಿ ಇದ್ದಳು. ಕಾರ್ ಫ್ಯಾಕ್ಟರಿಯಲ್ಲಿ ಸೀಟು ಹೊಲಿಯುತ್ತಿದ್ದಳು. ದಣಿದು ಬಂದು ಕೋಟು ಕೂಡ ಬಿಚ್ಚದೆ ಮಲಗುತ್ತಿದ್ದಳು. ಈ ಪುಸ್ತಕದಲ್ಲಿ ಲೇಖಕಿ ನಮ್ಮ ತಾಯಂದಿರನ್ನು ಕಲ್ಲಿನ ವಿಗ್ರಹ ಮಾಡಿದ್ದಾಳೆ. ಮಾಡಿಸಿದವರು ನಾವು. ಹೊಗಳಿ ಹೊಗಳಿ, ದಣಿಯುವ ಹೆಂಗಸನ್ನು ಬರೆಯಲು ಅವಳಿಗೆ ನಾವೇ ಬಿಡಲಿಲ್ಲ."

ಹಿಂದೆ ಯಾರೋ ಕುರ್ಚಿ ಸರಿಸಿ ಎದ್ದು ಹೊರಗೆ ಹೋದರು. ಅಷ್ಟರಲ್ಲಿ ನೇರಳೆ ಟೋಪಿ ಎದ್ದಿತು.

"ಅಮ್ಮ ಕೋಟು ಹಾಕಿಕೊಂಡು ಮಲಗುತ್ತಿದ್ದದ್ದು ದಣಿವಿಗಲ್ಲ! ಮನೆಯಲ್ಲಿ ಹೀಟರ್ ಕೆಟ್ಟಿತ್ತು. ನೀನು ಚಿಕ್ಕವಳು, ನಿನಗೇನು ಗೊತ್ತು?"

ಕೋಚ್ ಅಭ್ಯಾಸಬಲದಿಂದ ಎಡಗೈ ಎತ್ತಿ ಮುಷ್ಟಿ ಮುಚ್ಚಿದರು. ನಿನ್ನ ಸರದಿಯಲ್ಲ ಎಂದು.

"ನನಗೆ ಮುಷ್ಟಿ ತೋರಿಸ್ತೀಯಾ? ನಿನ್ನ ಡೈಪರ್ ಬದಲಾಯಿಸಿದವಳು ನಾನು!"

ಇಡೀ ಕೋಣೆ ನಕ್ಕಿತು. ಹೊರಗೆ ಹೋಗಿದ್ದವರು ಏನಾಯಿತೆಂದು ಬಾಗಿಲಿನಿಂದ ಇಣುಕಿದರು.

ನನ್ನ ಸರದಿಗೆ ಮುಂಚೆ ಯೋಚಿಸಲು ಎರಡು ನಿಮಿಷ. ಫೈಲಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಪುಸ್ತಕವನ್ನು ಸುಮ್ಮನೆ ತಿರುವುತ್ತಿದ್ದೆ. ಪಕ್ಕದ ಕುರ್ಚಿಯಿಂದ ಅಮ್ಮ ಬಾಗಿ ಪಿಸುಗುಟ್ಟಿದಳು, "ಸುಸ್ತಾದ್ರೆ ಮಕ್ಕಳ ಮುಂದೆ ಯಾರಾದ್ರೂ ತೋರಿಸ್ತಾರೇನೇ, ಪೆದ್ದಿ?" ಸಭಿಕರಿಂದ ಸಹಾಯ ಪಡೆಯುವುದು ನಿಯಮಕ್ಕೆ ವಿರುದ್ಧ. ಆದರೆ ಕನ್ನಡದಲ್ಲಿ ಬಂದ ಸಹಾಯವನ್ನು ಡೆಟ್ರಾಯಿಟ್‌ನಲ್ಲಿ ಹಿಡಿಯುವವರು ಯಾರು? ನೆನಪಾಯಿತು. ಆ ಕಾದಂಬರಿಯಲ್ಲಿ ಒಂದು ಕಡೆ ತಾಯಿ ಕೆಲಸದಿಂದ ಬಂದವಳು ಮೆಟ್ಟಿಲ ಬುಡದಲ್ಲೇ ಕೂತು, ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಬಹಳ ಹೊತ್ತಿನ ಮೇಲೆ ಮೇಲೆ ಹತ್ತುತ್ತಾಳೆ. ಯಾಕೆಂದು ಲೇಖಕಿ ಹೇಳುವುದಿಲ್ಲ. ಉಳಿದ ಕಥೆಯನ್ನೆಲ್ಲ ಹೇಳುವುದು ಮೇಲಿನ ಮನೆಯಲ್ಲಿರುವ ಅವಳ ಮಗು. ಅದಕ್ಕೆ ಹೆಜ್ಜೆಯ ಸದ್ದು ಕೇಳಿಸಲಿಲ್ಲ, ಅಷ್ಟೇ.

ನಾನು ಅದನ್ನು ಓದಿದೆ. "ದಣಿವು ಪುಸ್ತಕದಲ್ಲಿದೆ. ಮಗುವಿಗೆ ಕಾಣದ ಹಾಗೆ ತಾಯಿ ಅದನ್ನು ಮೆಟ್ಟಿಲ ಕೆಳಗೆ ಬಿಟ್ಟು ಬಂದಿದ್ದಾಳೆ. ಕೋಟಿನ ವಿಷಯದಲ್ಲಿ ನಿಮ್ಮ ತಾಯಿ ಮಾಡಿದ್ದೂ ಅದೇ ಇರಬಹುದು. ದೊಡ್ಡ ಮಗಳ ಮುಂದೆ ದಣಿವನ್ನು ಚಳಿ ಅಂದಿರಬಹುದು" ಎಂದೆ. ಕೋಚ್ ಕೈ ಎತ್ತಿಕೊಂಡೇ ಇದ್ದರು. ಬೆರಳುಗಳು ಒಂದೊಂದಾಗಿ ಮಡಚಿದವು, ಮುಷ್ಟಿ ಮುಚ್ಚಿತು. ಅದರ ಹಿಂದೆ ಅವರ ಕಣ್ಣು ತುಂಬಿತ್ತು, ಮುಖದ ತುಂಬ ನಗು.

ಆಮೇಲೆ ಯಾರು ಗೆದ್ದರೆಂದು ಕೈ ಎತ್ತಿಸಿ ಕೇಳುವ ಮಾತೇ ಬರಲಿಲ್ಲ. ಚರ್ಚಿನವರು, ಲೈಬ್ರರಿಯವರು, ಬಾಗಿಲಿನಲ್ಲಿ ಇಣುಕುತ್ತಿದ್ದವರು, ಎಲ್ಲರೂ ವಾದಕ್ಕಿಳಿದಿದ್ದರು. ಹೂವಿನ ಪಕ್ಕ ಅಲಂಕಾರಕ್ಕೆಂದು ಜೋಡಿಸಿಟ್ಟಿದ್ದ ಪುಸ್ತಕಗಳನ್ನು ಜನ ಎತ್ತಿಕೊಂಡು ಪುಟ ಹುಡುಕತೊಡಗಿದರು. ಸಂಜೆ ಆ ಮೇಜಿನ ಮೇಲೆ ಉಳಿದದ್ದು ಹಾರ ಹಾಕಿದ ಫೋಟೋ ಒಂದೇ. ನೇರಳೆ ಟೋಪಿಯ ಅಕ್ಕನೂ ಒಂದು ಪ್ರತಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. "ಕೊನೆಯವರೆಗೂ ಓದಿರಲಿಲ್ಲ. ಇವಳಿಗೆ ಹೇಳಬೇಡಿ" ಎಂದು ಅಮ್ಮನಿಗೆ ಹೇಳಿದರಂತೆ.

ಪಾರ್ಕಿಂಗ್ ಲಾಟಿನಲ್ಲಿ ಕೋಚ್ ಅಮ್ಮನನ್ನು ಹಿಡಿದರು. "ಮಗಳ ಕಿವಿಯಲ್ಲಿ ಏನು ಹೇಳಿದಿರಿ?" ಅಮ್ಮ ತನ್ನ ಇಂಗ್ಲಿಷಿನಲ್ಲಿ, "ಏನಿಲ್ಲ, ಮನೆ ವಿಷಯ" ಎಂದಳು. "ಆ ಮನೆ ವಿಷಯದ ಮುಂದೆ ನಾನು ಸೋತೆ" ಎಂದು ಕೋಚ್ ಅವಳ ಎರಡೂ ಕೈ ಹಿಡಿದುಕೊಂಡರು. ನನ್ನ ಕಡೆ ತಿರುಗಿ, "ಹೊಗಳುವ ಪಕ್ಷ ಬಂದಿದ್ದರೆ ನಾನು ಅತ್ತು ಕೂತುಬಿಡುತ್ತಿದ್ದೆ. ಅಳುವುದಕ್ಕೆ ಓದಿರಬೇಕಾಗಿಲ್ಲ" ಎಂದರು. ಇವರು ನನ್ನ ಕೋಚ್ ಎಂದು ಆ ಪಾರ್ಕಿಂಗ್ ಲಾಟಿನಲ್ಲಿ ನಿಂತು ಕೂಗಿ ಹೇಳಬೇಕೆನಿಸಿತ್ತು… ಇವತ್ತಿಗೂ ಅನಿಸುತ್ತದೆ.

ಈ ಚಳಿಗಾಲದಲ್ಲಿ ಕೋಚ್ ತೀರಿಕೊಂಡರು. ಅವರ ಚರ್ಚಿನಲ್ಲಿ ನಡೆದ ಸಭೆಗೆ ಇಟಾಸ್ಕಾದಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಹಳೆಯ ವಿದ್ಯಾರ್ಥಿಗಳಿಗೆಲ್ಲ ಎರಡೆರಡು ನಿಮಿಷ. ಒಬ್ಬರ ಹಿಂದೆ ಒಬ್ಬರು ಅವರ ತಾಳ್ಮೆಯನ್ನು ಹೊಗಳಿದರು. ನನ್ನ ಸರದಿ ಬಂದಾಗ ಹೇಳಿದೆ, "ಅವರಿಗೆ ತಾಳ್ಮೆ ಇರಲಿಲ್ಲ. ಸಡಿಲ ವಾಕ್ಯ ಕೇಳಿದರೆ ಕುರ್ಚಿ ಕಿರುಗುಟ್ಟಿಸುತ್ತಿದ್ದರು. ಎಲ್ಲ ಪ್ರಶ್ನೆಗೂ ಎರಡು ಪಕ್ಷವಿದೆ ಅಂತ ನಂಬಿದ್ದರು, ಅದು ತಪ್ಪು." ಮುಂದಿನ ಸಾಲಿನಲ್ಲಿ ನೇರಳೆ ಟೋಪಿ ಎದ್ದಿತು, ಈಗ ಊರುಗೋಲಿನ ಮೇಲೆ. "ಈ ಹುಡುಗಿಗೆ ನಾನು ಉತ್ತರ ಕೊಡುತ್ತೇನೆ!" ಚರ್ಚು ನಕ್ಕಿತು. ಅಲ್ಲಿಂದ ಮುಂದೆ ನಡೆದದ್ದು ಕೋಚ್ ಮೆಚ್ಚುವಂಥ ಸಭೆ. ನಾನಂತೂ ನನ್ನ ಎರಡು ನಿಮಿಷ ದಾಟಿ ಎಷ್ಟೋ ಹೊತ್ತು ಮಾತಾಡಿದ್ದೆ. ಯಾರೂ ನಿಲ್ಲಿಸಲಿಲ್ಲ.

ಆಫೀಸಿನಲ್ಲಿ ಆ ದಿನ ಪಕ್ಕದ ಮೇಜಿನವನು ನನಗೂ ಒಂದು ಪೆಪ್ಪರ್‌ಮೆಂಟು ಕೊಟ್ಟ. ಕರಗುವವರೆಗೆ ಸುಮ್ಮನೆ ಕೂತಿದ್ದೆ. ಸಂಜೆ ಅಪ್ಪನಿಗೆ ಫೋನ್ ಮಾಡಿ, ಕೂಟದ ಪತ್ರಿಕೆಗೆ ಕೋಚ್ ಬಗ್ಗೆ ನಾಲ್ಕು ಸಾಲು ಹಾಕಿ ಅಂದೆ.

"ಹಾಕೋಣ ಮಗಳೇ. ಕೊನೇಲಿ ತುಂಬಲಾರದ ನಷ್ಟ ಅಂತ ಬರೀಲಾ? ಬೈತೀಯೇನೋ…"

"ಬರೀರಿ ಅಪ್ಪ. ಆದ್ರೆ ಜಾಗ ಯಾವ್ದು ಅಂತಾನೂ ಬರೀರಿ. ಮೊದಲನೇ ಸಾಲು, ಎಡಗಡೆ ಕೊನೇ ಕುರ್ಚಿ."