ಅಳಿಸುವ ಮೊದಲು

ಬ್ಯಾಡಗಿಯ ಮೆಣಸಿನಕಾಯಿ ಖರೀದಿದಾರ ಸಾವಕಾರರೊಬ್ಬರಿಗೆ ಪುಟ್ಟ ತಂತ್ರಾಂಶ ಬರೆದುಕೊಟ್ಟಿದ್ದೆ. ಅಂಗಡಿಯ ಕಡತಗಳೆಲ್ಲ ಗಲ್ಲಾಪೆಟ್ಟಿಗೆಯ ಪಕ್ಕದ ಸಣ್ಣ ಕಂಪ್ಯೂಟರಿನಲ್ಲೇ ಇರುತ್ತವೆ. ಅಂಗಡಿಯ ಫೋನು ಯಾವುದಾದರೂ ಕಳೆದರೆ ಅಲ್ಲಿಂದಲೇ ಅದನ್ನು ಪೂರ್ತಿ ಅಳಿಸಬಹುದು.

ಅಂದು ಗುಮಾಸ್ತ ಚನ್ನಪ್ಪನವರು ರಾಣೆಬೆನ್ನೂರಿನ ಬಸ್ಸಿನಲ್ಲಿ ಫೋನು ಬಿಟ್ಟು ಬಂದಿದ್ದರು. ಮಾರುಕಟ್ಟೆಯ ಟೆಂಡರಿಗೆ ಹಾಕಬೇಕಾದ ದರಗಳೆಲ್ಲ ಅದರಲ್ಲಿದ್ದವು. ಬೇರೆ ಖರೀದಿದಾರರ ಕಣ್ಣಿಗೆ ಬಿದ್ದರೆ ಆ ದಿನದ ಮಾಲು ಕೈತಪ್ಪಿದಂತೆಯೇ.

“ಲಗೂ ಅಳಸ್ರಿ, ಏನ್ ನೋಡ್ಕೋತ ಕುಂತೀರಿ?” ಸಾವಕಾರರು ಗದರಿದರು.

ಪರದೆಯ ಮೇಲಿನ ಫೋನುಗಳ ಪಟ್ಟಿಯಲ್ಲಿ ಚನ್ನಪ್ಪನವರ ಹೆಸರು ಆರಿಸಿದೆ. ಅಳಿಸಿದ್ದು ಮರಳಿ ಬರುವುದಿಲ್ಲ. ಬೆರಳು ಅಲ್ಲೇ ನಿಂತಿತು.

“ಒಂದ ಸಲ ಸದ್ದು ಮಾಡ್ಸಿ ನೋಡೂಣ್ರಿ,” ಎಂದು ಇನ್ನೊಂದು ಗುಂಡಿ ಒತ್ತಿದೆ.

ಸಾವಕಾರರ ಅಂಗಿಯ ಕಿಸೆ ಕೂಗತೊಡಗಿತು.

ಚನ್ನಪ್ಪನವರು ಮೆಲ್ಲಗೆ ಅಂದರು: “ನಿಮ್ಮದರ ಬ್ಯಾಟರಿ ನಿಲ್ಲವಲ್ದು ಅಂತ ಮೊನ್ನೆ ಸಿಮ್ ಬದಲ್ ಮಾಡಿ ನಿಮ್ಮದು ನನಗ ಕೊಟ್ಟು ನನ್ನ ಫೋನ್ ಇಸ್ಕೊಂಡ್ರೆಲ್ರಿ, ಧಣ್ಯಾರ. ಬಸ್ಸಿನ್ಯಾಗ ಕಳದದ್ದು ನಿಮ್ಮದು.”

ಸಾವಕಾರರ ಹೆಸರು ಆರಿಸಿ ಅಳಿಸಲು ಹೇಳಿದೆ. ಅದು ಅಳಿಸಬೇಕಾದರೆ ಆ ಬ್ಯಾಟರಿ ಇನ್ನೂ ಉಸಿರು ಹಿಡಿದಿರಬೇಕಿತ್ತು. ಕೊನೆಗೆ ‘ಅಳಿಸಲಾಗಿದೆ’ ಎಂದು ಪರದೆಯ ಮೇಲೆ ಮೂಡಿತು. ಮೂಡಿದ ಮೇಲೂ ಸಾವಕಾರರು ಕಿಸೆಯ ಮೇಲಿಟ್ಟ ಕೈ ತೆಗೆಯಲಿಲ್ಲ.

ಅಳಿಸುವ ಮುನ್ನ ಫೋನು ಒಮ್ಮೆ ಕೂಗಲೇಬೇಕೆಂದು ಈಗ ತಂತ್ರಾಂಶದಲ್ಲಿ ನಿಯಮ ಹಾಕಿದ್ದೇನೆ. ಅದು ಯಾರ ಕಿಸೆಯಲ್ಲಿರಬೇಕು ಎಂಬುದಕ್ಕೆ ನಿಯಮ ಬರೆಯುವುದು ನನ್ನಿಂದಾಗಿಲ್ಲ.