ತಾಡಪತ್ರಿಯ ಕೆಳಗಿನ ಗಾಳಿ

ಬೆಟಗೇರಿಯಲ್ಲಿ ನಾನು ಎಳೆದುಕೊಂಡ ಮೊದಲ ಉಸಿರು ಹನ್ನೊಂದು ಸೀನಾಗಿ ಹೊರಬಂತು. ಮಂಗಳೂರಿನ ತೇವ ನಿಮ್ಮ ಆಸ್ತಮಾಕ್ಕೆ ಆಗದು, ಡ್ರೈ ಕ್ಲೈಮೇಟ್‌ಗೆ ಹೋಗಿ ಎಂದಿದ್ದರು ಡಾಕ್ಟರು. ಹವೆ ಒಣಗಿದ್ದು ನಿಜ. ಅದರಲ್ಲಿ ಖಾರದ ಪುಡಿ ಬೆರೆತಿರುತ್ತದೆಂದು ಯಾರೂ ಹೇಳಿರಲಿಲ್ಲ. ನನ್ನ ಬಾಡಿಗೆ ಮಾಳಿಗೆಯ ಎದುರಿಗೇ ವೀರಪ್ಪನವರ ಖಾರ ಕುಟ್ಟುವ ಗಿರಣಿ.

ಮಂಗಳೂರಿನಲ್ಲಿ ಮಳೆ ಬಂದರೆ ಕಿಟಕಿ ಮುಚ್ಚುತ್ತಿದ್ದೆ. ನಾನಿಲ್ಲಿ ವರ್ಷವಿಡೀ ಮುಚ್ಚಿಕೊಂಡೇ ಕೂತೆ. ಕುಸುಬಲಕ್ಕಿ ಗಂಜಿಯ ಬಾಯಿಗೆ ಜೋಳದ ರೊಟ್ಟಿ ಒಗ್ಗಲು ಆರು ತಿಂಗಳು ಬೇಕಾಯಿತು. "ಕುಂಡ್ರಿ" ಎಂಬುದು ಗದರಿಕೆಯಲ್ಲ, ಉಪಚಾರ ಎಂದು ತಿಳಿಯಲು ಇನ್ನೂ ಎರಡು.

ಕೆಳಗಿನ ಮನೆಯ ಶಂಕ್ರವ್ವ ಕೈಮಗ್ಗದವಳು. ವಾರಕ್ಕೊಮ್ಮೆ ಬೆಳಿಗ್ಗೆ ಹಾಸು, ಅಂದರೆ ಸೀರೆಯ ಉದ್ದನೆಯ ನೂಲನ್ನು, ಗಂಜಿ ಹಚ್ಚಿ ಓಣಿಯುದ್ದಕ್ಕೂ ಎಳೆದು ಒಣಗಿಸುತ್ತಾಳೆ. ಹಸಿ ಗಂಜಿಗೆ ಖಾರ ಅಂಟಿದರೆ ನೂಲು ಕೆಟ್ಟಂತೆ. ಅವಳ ಜಗಳಕ್ಕೆ ಬೇಸತ್ತ ವೀರಪ್ಪ, "ಖಾರದ ಧೂಳ್ ಹೊರಗ ಬಿಡೋ ಪೈಪ್ ಎಲ್ಲಿಡಬೇಕು ಹೇಳು, ಅಲ್ಲೇ ಇಡ್ತೀನಿ" ಎಂದರು. ನಾನು ಗಾಳಿಯ ಲೆಕ್ಕ ಮಾಡುವವಳೆಂದು ಅವಳು ನನ್ನ ಹತ್ತಿರ ಬಂದಳು.

ಟರ್ಬುಲೆನ್ಸ್, ಅಂದರೆ ಸುಳಿಸುಳಿಯಾಗಿ ಅಡ್ಡಾದಿಡ್ಡಿ ಹರಿಯುವ ಗಾಳಿ, ನನ್ನ ಸಬ್ಜೆಕ್ಟು. ಮೆಥಡ್ ಹೈಬ್ರಿಡ್, ಎರಡು ಲೆಕ್ಕ ಬೆರೆಸಿದ್ದು. ಓಣಿಯ ಮೇಲೆ ಗ್ರಿಡ್ ಹಾಕಿ, ದೊಡ್ಡ ಗಾಳಿಯನ್ನು ಚೌಕ ಚೌಕವಾಗಿ ಸಮೀಕರಣದಿಂದ ಬಿಡಿಸುವುದು. ಚಿಕ್ಕ ಸುಳಿಗಳು ಹಾಗೆ ಸಿಗುವುದಿಲ್ಲ. ಅದಕ್ಕೆ ಸಾವಿರಾರು ಕಣಗಳನ್ನು ತೂರಿ, ಹೆಜ್ಜೆ ಹೆಜ್ಜೆಗೂ ದಾಳ ಎಸೆದಂತೆ ಅಲೆಯಬಿಟ್ಟು, ಎಷ್ಟು ಎಲ್ಲಿ ಬಿದ್ದವು ಎಂದು ನೋಡುವುದು. ಉತ್ತರ ಬರುವುದು ಪ್ರಾಬಬಿಲಿಟಿಯಲ್ಲಿ.

"ಪೈಪನ್ನು ಗಿರಣಿಯ ಮಾಳಿಗೆ ಮೂಲೆಗಿಟ್ಟರೆ ಹತ್ತರಲ್ಲಿ ಒಂಬತ್ತು ಪಾಲು ಖಾರ ಓಣಿ ದಾಟಿಹೋಗುತ್ತದೆ" ಎಂದೆ.

"ಉಳಿದ ಒಂದು?"

"ಎಲ್ಲಿಗೆಂದು ಹೇಳಲಾಗದು."

"ಇಷ್ಟ್ ಓದಿ ಹೇಳಾಕ ಬರಂಗಿಲ್ಲಂದ್ರ ಹೆಂಗ್ರಿ ಮೇಡಂ? ನಮ್ಮತ್ತಿ ಒಂದ್ ಹಿಡಿ ಬೂದಿ ತೂರಿ ಹೇಳ್ತಿದ್ಲು."

ಪೈಪು ಮೂಲೆಗೆ ಹೋಯಿತು. ಮುಂದಿನ ಹಾಸು ಹಿಂದಿನದಕ್ಕಿಂತ ಕೆಂಪಾಯಿತು.

ಶಂಕ್ರವ್ವ ಮೆಟ್ಟಿಲೇರಿ ಬಂದಳು. "ಲೆಕ್ಕದಾಗ ತಾಡಪತ್ರಿ ಹಿಡಿದೀರೋ ಇಲ್ರಿ?"

"ಯಾವ ತಾಡಪತ್ರಿ?"

ಅವಳೇ ನನ್ನ ಕಿಟಕಿ ತೆಗೆದಳು. ಬಿಸಿಲಿಗೆ ಗಂಜಿ ಬಿರಿಯಬಾರದೆಂದು ಈ ಮನೆಯಿಂದ ಆ ಮನೆಗೆ ತಾಡಪತ್ರಿ, ಅಂದರೆ ಟಾರ್ಪಾಲಿನ್, ಬಿಗಿದಿದ್ದರು. ಮೇಲಿನ ಗಾಳಿ ಅದರ ಅಂಚಿಗೆ ಮಡಚಿಕೊಂಡು, ಖಾರವನ್ನೆಲ್ಲ ಹಾಸಿನ ಮೇಲೆ ಸುತ್ತಿಸುತ್ತಿತ್ತು. ನಾನು ಓಣಿ ಅಳೆದದ್ದು ಮಧ್ಯಾಹ್ನ, ಹಾಸೂ ತಾಡಪತ್ರಿಯೂ ಮಡಚಿ ಹೋದ ಮೇಲೆ.

"ವರ್ಷಾತು ಬಂದು. ಒಮ್ಮೆರ ಹೊರಗ ನೋಡ್ಬಾರದೇನ್ರಿ?" ಎಂದಳು. ಅಷ್ಟೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಫೋನಿನಲ್ಲಿ ತಂಗಿಗೆ ಹೇಳಿಕೊಂಡೆ. "ಸಾಕು, ಬಂದುಬಿಡು ಮಾರಾಯ್ತಿ" ಎಂದಳು. ಅಲ್ಲಿ ನನ್ನ ಕೋಣೆಯ ಗೋಡೆಗೆ ಬೂಷ್ಟು ಹಿಡಿದಿದೆಯಂತೆ, ಒರೆಸಿಡುತ್ತಾಳಂತೆ.

ಹಳೆಯ ಗ್ರಿಡ್‌ಗೆ ನನ್ನ ಮನೆಯೇ ಬೌಂಡರಿ. ಇಲ್ಲಿ ಗೋಡೆ, ಗಾಳಿ ಒಳಗೆ ಬಾರದು ಎಂದು ಬರೆದು ಲೆಕ್ಕ ನಿಲ್ಲಿಸಿದ್ದೆ. ಈಗ ಬೌಂಡರಿಯನ್ನು ಒಂದು ಮನೆ ಆಚೆ ತಳ್ಳಿದ್ದೇನೆ. ಕಿಟಕಿ ತೆರೆದಿದೆ. ಕೆಳಗೆ ಶಂಕ್ರವ್ವ ತಾಡಪತ್ರಿಯ ಅಂಚಿಗೆ ಟೇಪು ಹಿಡಿದು ನಿಂತಿದ್ದಾಳೆ.

"ಜಲ್ದಿ ಬರ್ಕೋರಿ ಮೇಡಂ, ಕೈ ಸೋಲ್ತಾವು."

ತಂಗಿಯ ಫೋನು ಮತ್ತೆ ಬಡಿದುಕೊಳ್ಳುತ್ತಿದೆ. ಅಲ್ಲಿ ಮಳೆ ಹೊಯ್ಯುತ್ತಿರಬೇಕು. ಸೀನಿ, ತಾಡಪತ್ರಿಯ ಎತ್ತರ ಬರೆದುಕೊಂಡೆ.